ಬ್ಯಾನಿ ಯಾಕ ಬಂತು?

ಸವದತ್ತಿ ಗುಡ್ಡದ ಯಲ್ಲಮ್ಮನ ಕಥೆಯನ್ನು ನಮ್ಮ ಭಾಗದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಉಸುಕಿನ ಕೊಡ ಮಾಡಿ, ಹಾವನ್ನೇ ಸಿಂಬೆ ಸುತ್ತಿ ಮಲಪ್ರಭೆಯ ನೀರು ತರುತ್ತಿದ್ದ ರೇಣುಕೆ, ಜಮದಗ್ನಿಯ ಸಿಟ್ಟು, ಪರಶುರಾಮನ ಕೊಡಲಿ ಇವನ್ನೆಲ್ಲ ಜೋಗತಿಯರು ಚೌಡಕಿ ಬಾರಿಸುತ್ತ ರಾತ್ರಿಯಿಡೀ ಹಾಡುವುದನ್ನು ಕೇಳುತ್ತಲೇ ನಾವು ಬೆಳೆದೆವು. ಆದರೆ ಈ ಕಥೆಯ ನಡುವಿನ ಒಂದು ಭಾಗದ ಮುಂದೆ ನಾವು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಶಾಪ ತಗಲಿದ ರೇಣುಕೆಗೆ ಮೈತುಂಬ ರೋಗ ಹತ್ತಿತು. ಗಂಡನ ಆಶ್ರಮ ಬಿಟ್ಟು ಅಡವಿ ಪಾಲಾದಳು. ಅಲ್ಲಿ ಅವಳಿಗೆ ಎಕ್ಕಯ್ಯ, ಜೋಗಯ್ಯ ಎಂಬ ಇಬ್ಬರು ಸಾಧುಗಳು ಸಿಕ್ಕರು. ನೀರಿಗಿಳಿದು ಜಳಕ ಮಾಡು ಎಂದರು. ಮನೆಮನೆಗೆ ಹೋಗಿ ಬೇಡು, ಬೇಡಿದ್ದರಲ್ಲಿ ಹಂಚಿ ಉಣ್ಣು ಎಂದರು. ಅವಳು ಹಾಗೆಯೇ ಮಾಡಿದಳು, ಮೈ ತಿಳಿಯಾಯಿತು. ಗುಡ್ಡಕ್ಕೆ ಹೋದವರು ಇಂದಿಗೂ ಜೋಗುಳಬಾವಿಯಲ್ಲಿ, ಎಣ್ಣೆಹೊಂಡದಲ್ಲಿ ಮೈ ತೊಳೆಯುವುದಕ್ಕೂ, ವಾರದ ದಿನ ಜೋಗ ಬೇಡುವುದಕ್ಕೂ ಮೂಲ ಇದೇ.

ಅಂದರೆ ಲಕ್ಷಾಂತರ ಜನ ತಮ್ಮ ಬ್ಯಾನಿ ಹೊತ್ತುಕೊಂಡು ಹೋಗಿ ಯಾರ ಮುಂದೆ ನಿಲ್ಲುತ್ತಾರೋ ಆ ತಾಯಿ ತಾನೇ ಒಮ್ಮೆ ಬ್ಯಾನಿ ಉಂಡವಳು. ಮನೆಯವರು ದೂರ ಮಾಡಿದವಳು. ಇನ್ನೊಂದು ಮಾತನ್ನೂ ಗಮನಿಸಬೇಕು. ಆ ಸಾಧುಗಳು ಅವಳನ್ನು ಕೂರಿಸಿಕೊಂಡು ಏನು ಪಾಪ ಮಾಡಿದಿ ಎಂದು ವಿಚಾರಿಸಿದ್ದನ್ನು ನಾನು ಯಾವ ಜೋಗತಿಯ ಬಾಯಲ್ಲೂ ಕೇಳಿಲ್ಲ. ನೀರು ತೋರಿಸಿದರು, ದಾರಿ ತೋರಿಸಿದರು, ಅಷ್ಟೇ.

ಇದನ್ನು ಬರೆಯಲು ನನಗೆ ಕಾರಣವಿದೆ. ನಾನು ಕಟಕೋಳದಲ್ಲಿ ಹೆಣ್ಣುಮಕ್ಕಳ ಆರೋಗ್ಯ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಹುಬ್ಬಳ್ಳಿ, ಪುಣೆಯ ಕಡೆ ಇಂಥವರನ್ನು ವೆಲ್‌ನೆಸ್ ಕೋಚ್ ಅನ್ನುತ್ತಾರೆ. ಊರಲ್ಲಿ ನಾನು 'ನಡ್ಯಾಕ ಕರಕೊಂಡು ಹೋಗೋ ಅಕ್ಕಾರು'. ಸಕ್ಕರೆ ಕಾಯಿಲೆಯವರು, ಬಿಪಿಯವರು, ರಾತ್ರಿ ನಿದ್ದೆ ಬಾರದವರು, ಹಡೆದ ಮೇಲೆ ಮಂಕಾದವರು ನನ್ನ ಜೊತೆ ನಸುಕಿನಲ್ಲಿ ಗೊಡಚಿ ದಾರಿ ಹಿಡಿದು ನಡೆಯುತ್ತಾರೆ. ಆಮೇಲೆ ಕಟ್ಟೆಯ ಮೇಲೆ ಕೂತು ಉಸಿರಾಟ ಮಾಡುತ್ತೇವೆ, ಏನು ಉಣ್ಣಬೇಕು ಎಂದು ಮಾತಾಡುತ್ತೇವೆ. ಹೊಸದಾಗಿ ಬಂದವರು ನನ್ನ ಹಿಂದಿನ ದಿನಗಳ ಸುದ್ದಿ ಕೇಳಿ ಹೇಳುವುದು ಬಹುತೇಕ ಒಂದೇ ಮಾತು: "ಅಕ್ಕಾರ, ಈ ಕೆಲಸಾ ಮಾಡ್ಲಿ ಅಂತನ ದೇವ್ರು ನಿಮಗ ಆ ಬ್ಯಾನಿ ಕೊಟ್ಟಿದ್ದ ನೋಡ್ರಿ." ಪ್ರೀತಿಯಿಂದ ಹೇಳುತ್ತಾರೆ. ಆದರೂ ಆ ಮಾತನ್ನು ಒಪ್ಪಲು ನನಗೆ ಆಗುವುದಿಲ್ಲ.

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರು ರಾಮದುರ್ಗ ತಾಲೂಕಿನ ಹೊಳೆದಂಡೆಯ ಊರುಗಳಿಗೆ ನುಗ್ಗಿತು. ನನ್ನ ತವರುಮನೆಯೂ ಅದರಲ್ಲಿ ಹೋಯಿತು. ಜ್ವಾಳದ ಹಗೇವಿನಲ್ಲಿ ನೀರು ತುಂಬಿತು, ಹಿಂದಿನ ಗೋಡೆ ಕುಸಿಯಿತು. ಅವ್ವ ಶಾಲೆಯ ಪರಿಹಾರ ಕೇಂದ್ರದಲ್ಲಿ ಇದ್ದು ಬಂದವಳು ಆ ವರ್ಷ ದಾಟಲಿಲ್ಲ. ಅವಳು ಹೋದ ಮೇಲೆ ನನಗೆ ನಿದ್ದೆ ಹೋಯಿತು. ಆಮೇಲೆ ಹಸಿವು. ಆಮೇಲೆ ಮಾತು. ರೊಟ್ಟಿ ಬಡಿಯಲು ಕೂತರೆ ಹಿಟ್ಟು ಕೈಯಲ್ಲೇ ಒಣಗುತ್ತಿತ್ತು. ಮಕ್ಕಳು ಶಾಲೆಯಿಂದ ಬಂದದ್ದು ಕಾಣುತ್ತಿತ್ತು, ಆದರೆ ಅವರನ್ನು ಕರೆಯಬೇಕು ಎಂದು ಒಳಗಿನಿಂದ ಏನೂ ಏಳುತ್ತಿರಲಿಲ್ಲ.

ಆಗ ಮನೆಗೆ ಬಂದವರೆಲ್ಲ ಒಂದೊಂದು ಕಾರಣ ತಂದರು. ಹಿಂದಿನ ಜನ್ಮದ ಕರ್ಮ ಎಂದರು ಕೆಲವರು. ಗುಡ್ಡದ ತಾಯಿಯ ಹರಕೆ ಬಾಕಿ ಇರಬೇಕು ಎಂದರು ಕೆಲವರು. ದೇವರು ಹೇಳುವ ಒಬ್ಬರು ಅವ್ವನ ಆಸೆ ಉಳಿದು ನನ್ನನ್ನು ಹಿಡಿದಿದೆ ಎಂದು ನಿಂಬೆಹಣ್ಣು ಕೊಯ್ದರು. ಎಲ್ಲ ಒಳ್ಳೆಯದಕ್ಕೇ ಆಗುತ್ತದೆ ಎಂದವರೂ ಇದ್ದರು. ಯಾರಿಗೂ ನನ್ನ ಮೇಲೆ ಕೆಟ್ಟ ಮನಸ್ಸಿರಲಿಲ್ಲ. ಆದರೆ ಪ್ರತಿಯೊಂದು ಕಾರಣವೂ ನನ್ನನ್ನು ಇನ್ನಷ್ಟು ಒಂಟಿ ಮಾಡಿ ಹೋಯಿತು. ಕರ್ಮ ಎಂದರೆ ತಪ್ಪು ನನ್ನದು. ಹರಕೆ ಎಂದರೆ ಮರೆತವಳು ನಾನು. ಅವ್ವ ಹಿಡಿದಿದ್ದಾಳೆ ಎಂದ ಮೇಲೆ ಸತ್ತ ಅವ್ವನ ನೆನಪೂ ಭಯವಾಯಿತು. ಒಳ್ಳೆಯದಕ್ಕೆ ಎಂದ ಮೇಲೆ ಅಳುವುದಕ್ಕೂ ನನಗೆ ಹಕ್ಕಿರಲಿಲ್ಲ.

ಕಾರಣ ತಾರದೆ ಬಂದವಳು ನಮ್ಮ ಓಣಿಯ ಆಶಾ ಕಾರ್ಯಕರ್ತೆ. ಲಸಿಕೆಯ ಪಟ್ಟಿ ಬರೆಯಲು ಬಂದವಳು ನನ್ನನ್ನು ನೋಡಿ ಪುಸ್ತಕ ಮುಚ್ಚಿಟ್ಟಳು. "ಅಕ್ಕಾರ, ಇವತ್ತ ತಲಿಗೆ ನೀರ ಹಾಕ್ಕೋರಿ. ಆಮ್ಯಾಲ ಅರ್ಧಾ ರೊಟ್ಟಿ ಉಣ್ರಿ. ನಾಳಿದ್ದು ನಾಳೆ ನೋಡೂಣು." ತಾನೇ ಒಲೆ ಹಚ್ಚಿ ನೀರು ಕಾಯಿಸಿದಳು. ಮರುದಿನ ಮತ್ತೆ ಬಂದಳು. ಒಂದು ದಿನ ಬಾಗಿಲವರೆಗೆ, ಒಂದು ದಿನ ಓಣಿಯ ತುದಿಯವರೆಗೆ, ಆಮೇಲೆ ಹೊಲದ ದಾರಿಯವರೆಗೆ ಕೈ ಹಿಡಿದು ನಡೆಸಿದಳು. ಅಷ್ಟರಿಂದ ಸಾಲದು ಎಂದು ಕಂಡಾಗ ಧಾರವಾಡದ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಲು ನಮ್ಮ ಮನೆಯವರನ್ನು ಒಪ್ಪಿಸಿದವಳೂ ಅವಳೇ.

ನಮ್ಮ ಕಡೆ 'ಇವರನ್ನ ಧಾರವಾಡಕ್ಕ ಕಳಿಸಬೇಕು' ಅಂದರೆ ಬೈಗುಳ. 1845ರಲ್ಲಿ ಹುಚ್ಚರ ಆಸ್ಪತ್ರೆಯಾಗಿ ಶುರುವಾದ ಜಾಗ ಅದು. ಹೆಸರು ಬದಲಾದರೂ ಊರ ಬಾಯಲ್ಲಿ ಹಳೆಯ ಭಯ ಉಳಿದಿದೆ. ಅಲ್ಲಿ ನನಗೆ ಸಿಕ್ಕಿದ್ದು ಗುಳಿಗೆ ಮತ್ತು ನಾಲ್ಕು ಸರಳ ಮಾತು. ಇದು ಖಿನ್ನತೆ, ಇದು ರೋಗ, ಗುಳಿಗೆ ಮನಸ್ಸಿಗೆ ಹಿಡಿಯಲು ಎರಡು ಮೂರು ವಾರ ಬೇಕು, ಅಷ್ಟರಲ್ಲಿ ಬಿಡಬೇಡಿ ಎಂದರು ಡಾಕ್ಟರ್. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆಯೂ ಕಂಡಿತು. ಯಾರೂ ನನ್ನ ಹಿಂದಿನ ಜನ್ಮ ವಿಚಾರಿಸಲಿಲ್ಲ.

ಚೇತರಿಸಿಕೊಂಡ ಮೇಲೆ ಒಂದು ಭರತ ಹುಣ್ಣಿಮೆಗೆ ಗುಡ್ಡಕ್ಕೆ ಹೋದೆ. ಭಂಡಾರದಲ್ಲಿ ಮುಳುಗಿದ ಜನ, 'ಉಧೋ ಉಧೋ' ಎಂಬ ಕೂಗು, ಪಡ್ಡಲಗಿ ತುಂಬಿಸುವವರ ಸಾಲು. ಅಲ್ಲಿ ನಿಂತಾಗ ಎಕ್ಕಯ್ಯ, ಜೋಗಯ್ಯರ ಕಥೆ ಮೊದಲ ಸಲ ನನ್ನ ಕಥೆಯಂತೆ ಕೇಳಿಸಿತು. ಜಳಕ ಮಾಡು, ಎದ್ದು ನಡೆ, ನಾಲ್ಕು ಮನೆ ನೋಡು, ಹಂಚಿ ಉಣ್ಣು: ನಮ್ಮ ಆಶಾ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಈಗ ಬ್ಯಾನಿ ಯಾಕ ಬಂತು ಎಂಬ ಪ್ರಶ್ನೆಗೆ ಬರುತ್ತೇನೆ. ಬ್ಯಾನಿಯನ್ನು ದೇವರು ಶಿಕ್ಷೆಯಾಗಿ ಕೊಡುತ್ತಾನೆ ಎಂದು ಒಪ್ಪಿಕೊಂಡರೆ, ಬ್ಯಾನಿ ಕಳೆಯುವವರೆಲ್ಲ ದೇವರ ತೀರ್ಪಿಗೆ ಅಡ್ಡ ಬಂದವರಾಗುತ್ತಾರೆ. ಪಾಠ ಕಲಿಸಲು ಕೊಡುತ್ತಾನೆ ಎಂದರೆ, ನನಗೆ ನೀರು ಕಾಯಿಸಿಕೊಟ್ಟವಳು ಆ ಪಾಠವನ್ನು ಅರ್ಧಕ್ಕೇ ನಿಲ್ಲಿಸಿದಳು ಎಂದಾಗುತ್ತದೆ. ಅಂಥ ದೇವರನ್ನು ನಾನು ಪೂಜಿಸಲಾರೆ. ಇನ್ನು ಬ್ಯಾನಿಯಿಂದ ಒಳ್ಳೆಯದಾಯಿತಲ್ಲ ಎಂಬ ಮಾತು. ಆದದ್ದು ನಿಜ. ಇಂದು ಹಲವಾರು ಹೆಣ್ಣುಮಕ್ಕಳು ಮುಂಜಾನೆ ಎದ್ದು ನಡೆಯುತ್ತಾರೆ. ಆದರೆ ಈ ಕೆಲಸಕ್ಕೆ ಬೆಲೆಯಾಗಿ ನಾನು ಅವ್ವನನ್ನು ಕೊಟ್ಟೆ ಎಂದು ಯಾರಾದರೂ ಲೆಕ್ಕ ಹಾಕಿದರೆ, ಅಂಥ ವ್ಯಾಪಾರಕ್ಕೆ ನಾನು ಕೈ ಕೊಟ್ಟಿಲ್ಲ. ಆಮೇಲೆ ಬಂದ ಒಳ್ಳೆಯದು ಮೊದಲು ಬಂದ ಕೆಟ್ಟದ್ದನ್ನು ಸರಿ ಮಾಡುವುದಿಲ್ಲ. ಬ್ಯಾನಿ ಎಷ್ಟೋ ಜನರನ್ನು ಕಹಿ ಮಾಡಿದೆ, ಎಷ್ಟೋ ಜನರನ್ನು ಕೊಂದಿದೆ. ನನ್ನನ್ನು ಮನುಷ್ಯಳಾಗಿ ಉಳಿಸಿದ್ದು ಬ್ಯಾನಿಯಲ್ಲಿ ನನ್ನ ಬಾಗಿಲಿಗೆ ಬಂದವಳು. ಪುಣ್ಯ ಇದ್ದರೆ ಅದು ಅವಳದು.

ಬ್ಯಾನಿಗೆ ದೈವದ ಅರ್ಥ ಕಟ್ಟುವುದು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಬೆಳಗಾವಿ ಜಿಲ್ಲೆಯವರಿಗೆ ಯಾರೂ ಹೇಳಬೇಕಿಲ್ಲ. ಮನೆಯಲ್ಲಿ ಕಾಯಿಲೆ ಬಿದ್ದರೆ, ಹುಡುಗಿಯ ತಲೆಯಲ್ಲಿ ಜಡೆ ಗಂಟಾದರೆ, ತಾಯಿ ಕರೆದಿದ್ದಾಳೆ ಎಂದು ಮುತ್ತು ಕಟ್ಟಿ ದೇವದಾಸಿ ಮಾಡಿದ ಮನೆಗಳು ನಮ್ಮ ನಡುವೆಯೇ ಇದ್ದವು. 1982ರಲ್ಲಿ ಕರ್ನಾಟಕ ಇದನ್ನು ಕಾಯ್ದೆಯಿಂದ ನಿಷೇಧಿಸಿತು. ಕಾಯ್ದೆ ಬಂದಷ್ಟು ಬೇಗ ಭಯ ಹೋಗಲಿಲ್ಲ.

ಆ ಭಯವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಹತ್ತಿರದ ಊರಿನ ಹೈಸ್ಕೂಲ್ ಹುಡುಗಿಯೊಬ್ಬಳು ಟೈಫಾಯ್ಡ್ ಜ್ವರದಲ್ಲಿ ಬಹಳ ದಿನ ಮಲಗಿ ಎದ್ದಳು. ಎಣ್ಣೆ ಕಾಣದ, ಬಾಚಣಿಕೆ ಕಾಣದ ಕೂದಲು ಹಿಂದಲೆಯಲ್ಲಿ ಉಂಡೆಗಟ್ಟಿತ್ತು. ಮನೆಯವರು ಅದಕ್ಕೆ ಭಂಡಾರ ಹಚ್ಚಿ ಕೈ ಮುಗಿಯಲು ಶುರು ಮಾಡಿದ್ದರು. ಶಾಲೆ ಬಿಡಿಸಿದ್ದರು. ಆರೋಗ್ಯ ಕೇಂದ್ರದ ನರ್ಸ್ ಬಾಯಿಯವರೂ ನಾನೂ ಹೋದೆವು. ಪಡಸಾಲೆಯಲ್ಲಿ ಹುಡುಗಿಯನ್ನು ಕೂರಿಸಿ, ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಜಡೆಯ ಬುಡಕ್ಕೆ ಇಳಿಬಿಟ್ಟು ಬೆರಳಿನಿಂದ ಒಂದೊಂದೇ ಎಳೆ ಬಿಡಿಸತೊಡಗಿದೆವು. ಒಳಗೆ ಹೇನು, ಹೇನು ಕಡಿದ ಹುಣ್ಣು, ಹುಣ್ಣಿನಿಂದ ಅಂಟಿದ ಕೂದಲು. ಹುಡುಗಿ ಹಲ್ಲು ಕಚ್ಚಿ ಕೂತಿದ್ದಳು. ಬಿಡಿಸಲು ಬಾರದ್ದಕ್ಕೆ ಕತ್ತರಿ ತೆಗೆದಾಗ ಅವಳ ಅವ್ವ ನನ್ನ ಕೈ ಹಿಡಿದಳು.

"ತಾಯಿ ಸಿಟ್ಟಾದರ ಏನ ಗತಿ ಅಕ್ಕಾರ?"

"ಸಿಟ್ಟಾದರ ನನ್ನ ಮ್ಯಾಲ ಆಗ್ಲಿ ಯವ್ವಾ. ತಾಯಿಗೂ ಮೈ ಕೆಟ್ಟಾಗ ಎಕ್ಕಯ್ಯ, ಜೋಗಯ್ಯ ಜಳಕಾ ಮಾಡ್ಸಿದ್ರಲ್ಲ? ನಾವೂ ಅದನ್ನ ಮಾಡಾಕತ್ತೀವಿ."

ಅವಳು ಕೈ ಬಿಟ್ಟಳು. ಸೀಗೇಕಾಯಿ ಹಾಕಿ ತಲೆ ತೊಳೆದು, ಹುಣ್ಣಿಗೆ ಮುಲಾಮು ಹಚ್ಚಿ, ಉಳಿದ ಕೂದಲು ಬಾಚಿ ರಿಬ್ಬನ್ ಕಟ್ಟಿದೆವು. ಹುಡುಗಿ ಮುಂದಿನ ವಾರ ಶಾಲೆಗೆ ಹೋದಳು. ಆ ಮನೆಯ ಜಗಲಿಯ ಮೇಲಿನ ಯಲ್ಲಮ್ಮನ ಫೋಟೋ ಇದ್ದಲ್ಲೇ ಇದೆ. ಯಾರ ಭಕ್ತಿಯನ್ನೂ ನಾವು ಕತ್ತರಿಸಲಿಲ್ಲ.

ಬ್ಯಾನಿ ಉಂಡವರೇ ಬ್ಯಾನಿ ಕಳೆಯಲು ನಿಂತದ್ದಕ್ಕೆ ನಮ್ಮ ಜಿಲ್ಲೆಯಲ್ಲಿ ನನಗಿಂತ ಬಹಳ ದೊಡ್ಡ ಉದಾಹರಣೆ ಸೀತವ್ವ ಜೋಡಟ್ಟಿ. ಏಳರ ವಯಸ್ಸಿನಲ್ಲಿ ದೇವದಾಸಿಯಾಗಿ ಮುತ್ತು ಕಟ್ಟಿಸಿಕೊಂಡವರು. 1997ರಲ್ಲಿ ಘಟಪ್ರಭಾದಲ್ಲಿ ಹುಟ್ಟಿದ ಮಾಸ್, ಅಂದರೆ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಮುನ್ನಡೆಸಿದರು. ಅದು ದೇವದಾಸಿ ಪದ್ಧತಿಯಿಂದ ಹೊರಬಂದ ಹೆಣ್ಣುಮಕ್ಕಳೇ ಕಟ್ಟಿ ನಡೆಸಿದ ಸಂಸ್ಥೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ತಾಯಂದಿರು ತಮಗಾದದ್ದಕ್ಕೆ ಪವಿತ್ರ ಅರ್ಥ ಹುಡುಕುತ್ತ ಕೂರಲಿಲ್ಲ. ನಮಗಾದದ್ದು ಇನ್ನೊಂದು ಕೂಸಿಗೆ ಆಗಬಾರದು ಎಂದು ಊರೂರಿಗೆ, ಮನೆಮನೆಗೆ ಹೋದರು. ಜೋಗಕ್ಕೆ ಇದಕ್ಕಿಂತ ಒಳ್ಳೆಯ ರೂಪ ನನಗೆ ಕಾಣುವುದಿಲ್ಲ.

ಮನೆಮನೆಗೆ ಹೋಗುವುದು ಎಂಬುದನ್ನು ನಾನು ಸುಮ್ಮನೆ ಹಿಡಿದುಕೊಂಡಿಲ್ಲ. ಬೌದ್ಧರ ಕಿಸಾಗೋತಮಿಯ ಕಥೆಯನ್ನು ನೋಡಿ. ಸತ್ತ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಬುದ್ಧ ಸಾವಿನ ಕಾರಣ ವಿವರಿಸಲಿಲ್ಲ. ಸಾವು ಕಾಣದ ಮನೆಯಿಂದ ಸಾಸಿವೆ ತಾ ಎಂದು ಕಳಿಸಿದ. ಅವಳು ಬಾಗಿಲಿನಿಂದ ಬಾಗಿಲಿಗೆ ಹೋದಳು. ಸಾಸಿವೆ ಎಲ್ಲ ಮನೆಯಲ್ಲೂ ಇತ್ತು, ಸಾವು ಕಾಣದ ಮನೆ ಒಂದೂ ಸಿಗಲಿಲ್ಲ. ಸಂಜೆಯ ಹೊತ್ತಿಗೆ ತನ್ನ ದುಃಖ ತನ್ನೊಬ್ಬಳದೇ ಅಲ್ಲ ಎಂದು ಅವಳಿಗೆ ತಿಳಿದಿತ್ತು. ಮುಂದೆ ಅವಳು ಭಿಕ್ಕುಣಿಯಾದಳು. ಇತ್ತ ನಮ್ಮ ಕಾಲದಲ್ಲಿ ಇಳಕಲ್ಲಿನ ಮಹಾಂತ ಅಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ನಿಮ್ಮ ಕುಡಿತ, ಗುಟಕಾ, ಬೀಡಿ, ಜೂಜು ನನ್ನ ಜೋಳಿಗೆಗೆ ಹಾಕಿ ಎಂದು ಬೇಡಿದರು. ಮಠದಲ್ಲಿ ಕೂತು ಕುಡುಕರ ಪಾಪ ವಿವರಿಸುವುದು ಸುಲಭವಿತ್ತು. ಅವರು ಕುಡುಕನ ಹೊಸ್ತಿಲಿಗೆ ಹೋಗಿ ಕೈಯೊಡ್ಡಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಯಲ್ಲಮ್ಮ, ಕಿಸಾಗೋತಮಿ, ಮಹಾಂತ ಅಪ್ಪಗಳು ಮೂವರೂ ಬೇರೆ ಬೇರೆ ದಾರಿಯವರು. ಆದರೆ ಮೂರೂ ಕಡೆ ಬ್ಯಾನಿ ಇಳಿದದ್ದು ಇನ್ನೊಬ್ಬರ ಬಾಗಿಲಿನಲ್ಲಿ.

ಹಾಗಾದರೆ ಬ್ಯಾನಿ ಉಂಡವರೆಲ್ಲ ಗುರುಗಳೇ? ಅಲ್ಲ. ನನ್ನ ಕೆಲಸದಲ್ಲಿ ನಾನು ಹೆಚ್ಚು ಹೆದರುವುದು ಇದಕ್ಕೇ. ನಾನು ಗೆದ್ದೆ, ನೀವೂ ಹೀಗೇ ಮಾಡಿದರೆ ಗೆಲ್ಲುತ್ತೀರಿ ಎಂದು ಹೇಳಿಬಿಡುವುದು ಸುಲಭ. ಆ ಮಾತನ್ನು ಬಂಡವಾಳ ಮಾಡಿಕೊಂಡು ಸಕ್ಕರೆ ಕಾಯಿಲೆ ಬುಡಸಹಿತ ತೆಗೆಯುವ ಪುಡಿ ಮಾರುವವರು ನಮ್ಮ ಸಂತೆಗೂ ಬರುತ್ತಾರೆ. ಅದನ್ನು ನಂಬಿ ಇನ್ಸುಲಿನ್ ಬಿಟ್ಟವರನ್ನು ಆಸ್ಪತ್ರೆಗೆ ಸಾಗಿಸಿದ್ದೇವೆ. ನಾನು ಡಾಕ್ಟರ್ ಅಲ್ಲ. ಗುಳಿಗೆ ಬರೆದುಕೊಡುವುದಿಲ್ಲ, ಬಿಡಿಸುವುದೂ ಇಲ್ಲ. ನಾನು ಹೇಳುವುದು ಇಷ್ಟೇ: ತಿನ್ನುವ ಗುಳಿಗೆ ತಪ್ಪಬಾರದು, ಚಹಾದ ಸಕ್ಕರೆ ಇಳಿಯಬೇಕು, ರೊಟ್ಟಿಯ ಜೊತೆ ಕಾಳುಪಲ್ಯ, ಸೊಪ್ಪು ಏರಬೇಕು, ದಿನಾ ನಡೆಯಬೇಕು. ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಬೇಕು. ಹತ್ತಿ ಬಿಡಿಸಲು ಬರಿಗಾಲಲ್ಲಿ ಹೋಗುವ ಹೆಣ್ಣುಮಕ್ಕಳಿಗೆ ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ ಜಾಲಿಮುಳ್ಳು ಮುರಿದು ಒಳಗುಳಿದದ್ದೂ ತಿಳಿಯುವುದಿಲ್ಲ. ತಿಳಿಯುವಷ್ಟರಲ್ಲಿ ಬೆರಳು ತೆಗೆಯಬೇಕಾಗುತ್ತದೆ. ಅದಕ್ಕೇ ಕಟ್ಟೆಯ ಮೇಲೆ ಒಬ್ಬರ ಪಾದ ಇನ್ನೊಬ್ಬರು ನೋಡುವುದನ್ನು ರೂಢಿ ಮಾಡಿದ್ದೇವೆ. ಅತ್ತೆಯ ಪಾದವನ್ನು ಸೊಸೆ ನೋಡುತ್ತಾಳೆ, ಸೊಸೆಯದನ್ನು ಅತ್ತೆ ನೋಡುತ್ತಾಳೆ. ಒಂದೇ ಮನೆಯಲ್ಲಿ ಮಾತು ಬಿಟ್ಟವರೂ ಅಲ್ಲಿ ಮಾತಾಡಿದ್ದುಂಟು.

ಎಲ್ಲರ ಬ್ಯಾನಿಯೂ ನನ್ನಂಥದ್ದಲ್ಲ. ಸಾಲದ ಭಾರಕ್ಕೆ ಗಂಡ ಜೀವ ಕಳೆದುಕೊಂಡ ಒಬ್ಬಾಕೆ ನಮ್ಮ ಗುಂಪಿಗೆ ಬರುತ್ತಾಳೆ. ಅವಳ ಮುಂದೆ ನನ್ನ ಕಥೆ ಹೇಳಿಲ್ಲ. ಹೇಳಿದರೆ ಅವಳ ಬ್ಯಾನಿಯನ್ನು ನನ್ನ ಬ್ಯಾನಿಯ ಅಳತೆಗೆ ಇಳಿಸಿದಂತಾಗುತ್ತದೆ. ಬಹಳ ದಿನ ನಾವಿಬ್ಬರೂ ಅವಳ ಮನೆಯ ಕಟ್ಟೆಯ ಮೇಲೆ ಕೂತು ಬರೀ ಮೆಂತೆಪಲ್ಲೆ ಸೋಸಿದೆವು. ಬೇರು ಒಂದು ಕಡೆ, ಎಲೆ ಒಂದು ಕಡೆ. ಒಂದು ದಿನ ಅವಳೇ ಕೇಳಿದಳು: "ಅಕ್ಕಾರ, ಅಂವಾ ಹಂಗ ಯಾಕ ಮಾಡ್ಕೊಂಡಾ?" ನನ್ನಲ್ಲಿ ಉತ್ತರ ಇರಲಿಲ್ಲ, ಇಲ್ಲ ಅಂತಲೇ ಹೇಳಿದೆ. ಅವಳು ಅತ್ತಳು, ನಾನು ಕೂತಿದ್ದೆ. ಅವಳ ಮಾತಿನಲ್ಲಿ ತಾನೂ ಬದುಕುವುದು ಬೇಡ ಎಂಬ ದನಿ ಕೇಳಿದ ದಿನ ಮಾತ್ರ ಕೂತಿರಲಿಲ್ಲ. ಟೆಲಿಮಾನಸ್‌ನ 14416ಕ್ಕೆ ಅಲ್ಲಿಂದಲೇ ಫೋನ್ ಹಚ್ಚಿದೆ, ಮರುದಿನ ಡಾಕ್ಟರ್ ಬಳಿಗೆ ಜೊತೆಗೆ ಹೋದೆ. ಯಾವಾಗ ಕೂರಬೇಕು, ಯಾವಾಗ ಎದ್ದು ಓಡಬೇಕು ಎಂಬುದನ್ನು ಬ್ಯಾನಿ ಕಲಿಸುವುದಿಲ್ಲ. ಅದಕ್ಕೆ ತಿಳಿದವರ ಬಳಿ ತರಬೇತಿ ಪಡೆಯಬೇಕು. ನಾನು ಪಡೆದೆ, ಈಗಲೂ ಪಡೆಯುತ್ತಿದ್ದೇನೆ.

ದುಡ್ಡಿನ ಮಾತನ್ನೂ ಕೇಳುತ್ತಾರೆ. ಸೇವೆಗೆ ಹಣ ತೆಗೆದುಕೊಳ್ಳಬಹುದೇ ಎಂದು. ಬಸವಾದಿ ಶರಣರ ನೆಲದಲ್ಲಿ ಇದಕ್ಕೆ ಉತ್ತರ ಹುಡುಕಬೇಕಿಲ್ಲ. ಕಾಯಕಕ್ಕೆ ಸತ್ಯದ ಸಂಪಾದನೆ ಸಲ್ಲುತ್ತದೆ, ಮಿಕ್ಕದ್ದು ದಾಸೋಹಕ್ಕೆ. ಪುಣೆ, ಗೋವೆ, ಹುಬ್ಬಳ್ಳಿಯಲ್ಲಿರುವ ನಮ್ಮ ಕಡೆಯ ಜನ ಫೋನಿನಲ್ಲಿ ಸಲಹೆ ಕೇಳಿದರೆ ಶುಲ್ಕ ತೆಗೆದುಕೊಳ್ಳುತ್ತೇನೆ. ಊರ ಕಟ್ಟೆಯ ಮೇಲೆ ಕೂತವರಿಂದ ಏನೂ ಇಲ್ಲ. ಆ ಶುಲ್ಕದಲ್ಲೇ ನನ್ನ ಮನೆಯೂ ನಡೆಯುತ್ತದೆ, ಗುಂಪಿಗೆ ಬಿಪಿ ಯಂತ್ರವೂ ಬಂದಿದೆ.

ಕಾರಣ ಕೊಡದ ದೇವರು ಯಾಕಾದರೂ ಬೇಕು ಎಂದು ನನ್ನ ಮಗ ಒಮ್ಮೆ ಕೇಳಿದ. ಯಲ್ಲಮ್ಮನ ವರ್ಷವನ್ನೇ ಅವನಿಗೆ ತೋರಿಸಿದೆ. ಹೊಸ್ತಿಲ ಹುಣ್ಣಿಮೆಗೆ ತಾಯಿಯ ಬಳೆ ಒಡೆಯುತ್ತದೆ, ಅವಳು ಗಂಡನನ್ನು ಕಳಕೊಂಡವಳಾಗುತ್ತಾಳೆ. ಭರತ ಹುಣ್ಣಿಮೆಗೆ ಮತ್ತೆ ಹಸಿರು ಬಳೆ ತೊಟ್ಟು ಮುತ್ತೈದೆಯಾಗುತ್ತಾಳೆ. ದುಃಖಕ್ಕೆ ಒಂದು ಕಾಲ, ಆ ಕಾಲದಲ್ಲಿ ಜೊತೆಗೆ ಅಳುವ ಸಾವಿರಾರು ಜನ, ಆಮೇಲೆ ಮತ್ತೆ ಬಳೆಗೆ ಕೈ ಚಾಚಲು ಅನುಮತಿ. ಧರ್ಮದಿಂದ ನಾನು ಬೇಡುವುದು ಇಷ್ಟನ್ನೇ. ತಾಯಿಗೆ ಕೊಟ್ಟ ಈ ಅನುಮತಿಯನ್ನು ನಮ್ಮ ಊರುಗಳು ನಿಜವಾಗಿ ಗಂಡ ಸತ್ತ ಹೆಣ್ಣುಮಕ್ಕಳಿಗೂ ಕೊಡಬೇಕು. ದೇವಿಯ ಕೈಗೆ ಮರಳುವ ಬಳೆ ಅವಳ ಭಕ್ತೆಯ ಕೈಗೆ ಯಾಕೆ ಮರಳಬಾರದು?

ಹಾಗಾಗಿ ಬ್ಯಾನಿ ಯಾಕ ಬಂತು ಎಂದು ಕೇಳುವವರನ್ನು ನಾನು ತಡೆಯುವುದಿಲ್ಲ. ಬ್ಯಾನಿ ಇದ್ದವರಿಗೆ ಆ ಪ್ರಶ್ನೆ ಕೇಳುವ ಹಕ್ಕಿದೆ, ದೇವರನ್ನೇ ಬೈದು ಕೇಳುವ ಹಕ್ಕಿದೆ. ಅದಕ್ಕೆ ಉತ್ತರ ಕೊಡುವ ಹಕ್ಕು ಪಕ್ಕದಲ್ಲಿ ನಿಂತ ನಮಗಿಲ್ಲ. ನಿಮ್ಮ ಓಣಿಯಲ್ಲಿ ಯಾರಾದರೂ ತಲೆ ಬಾಚದೆ, ಉಣ್ಣದೆ, ಬಾಗಿಲು ಹಾಕಿಕೊಂಡು ಕೂತಿದ್ದರೆ ಕರ್ಮದ ಮಾತು, ಹರಕೆಯ ಮಾತು ಎರಡನ್ನೂ ನಿಮ್ಮ ಮನೆಯಲ್ಲೇ ಬಿಟ್ಟು ಅವರ ಮನೆಗೆ ಹೋಗಿ. ನೀರು ಕಾಯಿಸಿ. ಅರ್ಧ ರೊಟ್ಟಿ ಉಣ್ಣಿಸಿ. ಡಾಕ್ಟರ್ ಬಳಿ ಹೋಗಬೇಕಾದರೆ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಹೋಗಿ. ಮರುದಿನವೂ ಹೋಗಿ.